ಅವ್ವ ಯಾರ ಕಾರ್ಡಿನಾಗ?

ಮುದುಕರ ಮಾತು ಬಂದರೆ ನಮ್ಮಲ್ಲಿ ತಪ್ಪಿತಸ್ಥನನ್ನು ಹುಡುಕಬೇಕಿಲ್ಲ. ಮಗ ಇದ್ದೇ ಇದ್ದಾನೆ. ಅವನ ಹಿಂದೆ, ಸ್ವಲ್ಪ ನೆರಳಿನಲ್ಲಿ, ಸೊಸೆ. ಕಟ್ಟೆಯ ಮೇಲೆ ಕೂತವರು, ಪುರಾಣ ಹೇಳುವವರು, ಧಾರಾವಾಹಿ ಬರೆಯುವವರು ಎಲ್ಲರೂ ಈ ಒಂದು ತೀರ್ಪಿನಲ್ಲಿ ಒಮ್ಮತದವರು. ತೀರ್ಪು ಇಷ್ಟು ಸಲೀಸಾಗಿ ಬರುವಾಗ ಸಾಕ್ಷಿಯನ್ನು ಇನ್ನೊಮ್ಮೆ ಕೇಳುವುದು ಒಳ್ಳೆಯದೆಂದು ಒಂದು ಪ್ರಕರಣವನ್ನು ಇಲ್ಲಿ ಇಡುತ್ತಿದ್ದೇನೆ. ಸ್ಥಳ ಕರ್ನೂಲು ಜಿಲ್ಲೆಯ ಪಡುವಣ ಅಂಚು. ಆದೋನಿಯಿಂದ ಕೋಸಿಗಿ, ಕೌತಾಳಂ, ಹೊಳಗುಂದದ ಕಡೆಗೆ ಹರಡಿದ ಸೀಮೆ. ಮನೆ ಮಾತ್ರ ಯಾವುದೋ ಒಂದು ಮನೆಯಲ್ಲ. ಹಲವು ಮನೆಗಳಿಂದ ಒಂದೊಂದು ಕಂಬ ತಂದು ನಿಲ್ಲಿಸಿದ್ದು. ಹೆಸರು ಹುಡುಕಬೇಡಿ. ಅದರೊಳಗೆ ಬರುವ ಕಾನೂನು, ಮೊತ್ತ, ತಾರೀಖುಗಳು ಇದ್ದದ್ದು ಇದ್ದ ಹಾಗೆ.

ಮನೆಯಲ್ಲಿ ಅವ್ವ ಇದ್ದಾಳೆ. ಆಧಾರ್ ಕಾರ್ಡಿನಲ್ಲಿ ಅವಳು ಹುಟ್ಟಿದ್ದು ಜನವರಿ 1. ಆ ವಯಸ್ಸಿನ ಅರ್ಧ ಊರು ಹುಟ್ಟಿದ್ದು ಅದೇ ದಿನ. ಎಪ್ಪತ್ತೆಂಟು ದಾಟಿರಬೇಕು. 1953ರ ಅಕ್ಟೋಬರ್ 1ರಂದು ಅವಳು ಸಣ್ಣ ಹುಡುಗಿ. ಅಲ್ಲಿಯವರೆಗೆ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಮದ್ರಾಸಿನಿಂದ ಆಂಧ್ರ ರಾಜ್ಯ ಬೇರೆಯಾದ ಆ ದಿನ ಈ ಮೂರೂ ಅತ್ತ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಬಳ್ಳಾರಿಯನ್ನು ತಮ್ಮ ಜಿಲ್ಲಾ ಕೇಂದ್ರವಾಗಿ ಕಂಡ ಆದೋನಿಯವರು ಯಾರಾದರೂ ಉಳಿದಿದ್ದರೆ ಅವರೆಲ್ಲ ಈಗ ಪಿಂಚಣಿಯ ವಯಸ್ಸಿನವರು. ಅವ್ವ ಮನೆಯಲ್ಲಿ ಕನ್ನಡ, ಆಫೀಸಿನವರ ಹತ್ತಿರ ತೆಲುಗು ಮಾತಾಡುತ್ತಾಳೆ. ಎರಡರಲ್ಲೂ ಹೆಬ್ಬೆಟ್ಟು.

ಹೆತ್ತದ್ದು ಐದು, ಉಳಿದದ್ದು ಮೂರು: ಇಬ್ಬರು ಗಂಡು, ನಡುವೆ ಒಬ್ಬಳು ಹೆಣ್ಣು. ಮಗಳನ್ನು ಸಿರುಗುಪ್ಪ ತಾಲೂಕಿಗೆ ಕೊಟ್ಟಿದ್ದಾರೆ. ಗಡಿ ದಾಟಿದರೂ ಅದೇ ಮಾತು, ಅದೇ ರೊಟ್ಟಿ. ಗಂಡ ಇದ್ದಾಗಲೇ ಅವ್ವನ ಹೆಸರಿನಲ್ಲಿ ಕೊಂಡ ಮೂರು ಎಕರೆ ಖುಷ್ಕಿ ಇದೆ. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಜಿಲ್ಲೆಯಲ್ಲೇ ಹರಿಯುತ್ತದೆ, ಆದರೆ ಈ ಹೊಲಕ್ಕೆ ಹತ್ತುವುದಿಲ್ಲ. ಮಳೆ ಆದರೆ ಹತ್ತಿ, ಇಲ್ಲದಿದ್ದರೆ ಸಾಲ.

ಆದ್ದರಿಂದ ದೀಪಾವಳಿ ಕಳೆದ ಮೇಲೆ ಊರು ಖಾಲಿಯಾಗತೊಡಗುತ್ತದೆ. ಸುಗ್ಗಿಗೆ ಹೋಗುವುದು ಎನ್ನುತ್ತಾರೆ. ಕೆಲವರು ಹತ್ತಿ ಬಿಡಿಸಲು ತೆಲಂಗಾಣದ ಕಡೆ, ಕೆಲವರು ಬೆಂಗಳೂರಿನ ಕಟ್ಟಡಗಳಿಗೆ, ಸಂಕ್ರಾಂತಿಯ ನಂತರ ಮೆಣಸಿನಕಾಯಿ ಬಿಡಿಸಲು ಗುಂಟೂರು ಕಡೆ ಗುಂಪುಗುಂಪಾಗಿ. ಮೇಸ್ತ್ರಿ ಮುಂಗಡ ಕೊಟ್ಟಿರುತ್ತಾನೆ, ಗಾಡಿ ಬರುತ್ತದೆ. ಪಾತ್ರೆ, ಹಾಸಿಗೆ, ಟಾರ್ಪಾಲು, ಜೋಳದ ಹಿಟ್ಟು, ಶಾಲೆಗೆ ಹೋಗದ ಮಕ್ಕಳು, ಕೆಲವೊಮ್ಮೆ ಹೋಗುವ ಮಕ್ಕಳೂ ಗಾಡಿ ಏರುತ್ತಾರೆ. ಮತ್ತೆ ಊರು ತುಂಬುವುದು ಯುಗಾದಿಯ ಹೊತ್ತಿಗೆ. ನಡುವಿನ ತಿಂಗಳುಗಳಲ್ಲಿ ಓಣಿಯಲ್ಲಿ ಹೋದರೆ ಕಾಣುವುದು ಬೀಗ, ಬೀಗದ ಪಕ್ಕದ ಕಟ್ಟೆಯ ಮೇಲೆ ಮುದುಕಿಯರು.

ಕಟ್ಟೆಯ ಮೇಲೆ ಕೂತಿದ್ದಾಳೆ ಎಂದರೆ ಸುಮ್ಮನೆ ಕೂತಿದ್ದಾಳೆ ಎಂದಲ್ಲ. ದೊಡ್ಡ ಮಗನ ಇಬ್ಬರು ಮಕ್ಕಳು ಶಾಲೆ ತಪ್ಪಬಾರದೆಂದು ಅವ್ವನ ಹತ್ತಿರ ಉಳಿದಿದ್ದಾರೆ. ಅವರಿಗೆ ಬೆಳಿಗ್ಗೆ ರೊಟ್ಟಿ ಬಡಿಯುವುದು, ನೀರು ಹಿಡಿಯುವುದು, ಎಮ್ಮೆಗೆ ಮೇವು ಹಾಕುವುದು, ಅಕ್ಕಿ ಕೊಡುವ ದಿನ ನಿಂತು ತರುವುದು, ಬೀಗ ಹಾಕಿದ ಚಿಕ್ಕ ಮಗನ ಕೋಣೆಯಲ್ಲಿ ಇಲಿ ಬಿದ್ದಿದೆಯೇ ನೋಡುವುದು, ಜ್ವರ ಬಂದ ಮೊಮ್ಮಗನನ್ನು ಎಎನ್‌ಎಂ ಹತ್ತಿರ ಕರೆದೊಯ್ಯುವುದು. ಈ ಕೆಲಸಕ್ಕೆ ಕೂಲಿಯವರನ್ನು ಇಡಬೇಕೆಂದರೆ ಮೆಣಸಿನಕಾಯಿಯ ದುಡಿಮೆ ಅಲ್ಲಿಗೇ ಸರಿಹೋಗುತ್ತಿತ್ತು. ಮಕ್ಕಳು ಅವ್ವನನ್ನು ಬಿಟ್ಟುಹೋದರು ಎಂದು ಊರು ಹೇಳುತ್ತದೆ. ಅವ್ವ ಇದ್ದಾಳೆಂದೇ ಅವರು ಹೋಗಲು ಸಾಧ್ಯವಾಯಿತು ಎಂಬುದನ್ನು ಯಾರೂ ಹೇಳುವುದಿಲ್ಲ. ಇಡೀ ಸೀಮೆಯ ವಲಸೆ ಹೀಗೆ ಮುದುಕಿಯರ ಬೆನ್ನ ಮೇಲೆ ನಿಂತಿದೆ. ಗುಂಟೂರಿನ ಮೆಣಸಿನಕಾಯಿಯ ದರದಲ್ಲಿ ಅವರ ಪಾಲು ಎಲ್ಲೂ ಸೇರುವುದಿಲ್ಲ.

ಅವರ ಹೆಸರು ಸೇರುವುದು ಬೇರೆ ಪಟ್ಟಿಗೆ. ಪ್ರತಿ ತಿಂಗಳ ಮೊದಲ ದಿನ ಗ್ರಾಮ ಸಚಿವಾಲಯದ ನೌಕರ ಮನೆಬಾಗಿಲಿಗೆ ಬಂದು ಅವ್ವನ ಬೆರಳನ್ನೋ ಮುಖವನ್ನೋ ಯಂತ್ರಕ್ಕೆ ತೋರಿಸಿ 4,000 ರೂಪಾಯಿ ಎಣಿಸಿ ಕೊಡುತ್ತಾನೆ. ಹತ್ತಿ ಬಿಡಿಸಿ, ಕಳೆ ಕಿತ್ತು ಸವೆದ ಬೆರಳು ಒಂದೊಂದು ಸಲ ಯಂತ್ರಕ್ಕೆ ಒಪ್ಪಿಗೆಯಾಗುವುದಿಲ್ಲ. ಆಗ ಕಣ್ಣು, ಮುಖ. ಆಂಧ್ರದ ಈ ಪಿಂಚಣಿ ಬೆಳೆದ ಬಗೆ ಸಾಮಾನ್ಯವಲ್ಲ. 2014ರ ಅಕ್ಟೋಬರಿನವರೆಗೆ 200 ರೂಪಾಯಿ ಇತ್ತು, ಆಮೇಲೆ 1,000 ಆಯಿತು. 2019ರ ಆರಂಭದಲ್ಲಿ 2,000, ಅದೇ ವರ್ಷ 2,250, 2024ರ ಜನವರಿಗೆ 3,000, ಜುಲೈಗೆ 4,000. ವಯಸ್ಸಿನ ಮಿತಿ 65ರಿಂದ 60ಕ್ಕೆ ಇಳಿದದ್ದು 2019ರಲ್ಲಿ. ಒಬ್ಬರನ್ನೊಬ್ಬರು ಕಂಡರಾಗದ ಎರಡು ಪಕ್ಷಗಳು ಪೈಪೋಟಿಯ ಮೇಲೆ ಏರಿಸಿದ್ದು ಇದು. ರಾಜಕೀಯದವರ ಜಗಳ ಬಡವರ ಮನೆಗೆ ಉಪಕಾರ ಮಾಡಿದ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು. ಇದರಲ್ಲಿ ದಿಲ್ಲಿಯ ಪಾಲು ಕೇಳಿದರೆ ನಗು ಬರುತ್ತದೆ: ಎಂಬತ್ತು ತುಂಬದವರಿಗೆ ತಿಂಗಳಿಗೆ 200 ರೂಪಾಯಿ. ಹದಿನೈದು ವರ್ಷಕ್ಕೂ ಹಿಂದೆ ಇಟ್ಟ ಮೊತ್ತ, ಅಲ್ಲೇ ಇದೆ.

ದುಡ್ಡು ಬಾಗಿಲಿಗೆ ಬರುವುದರ ಬೆಲೆ ಗೊತ್ತಾದದ್ದು 2024ರ ಬೇಸಿಗೆಯಲ್ಲಿ. ಚುನಾವಣೆ ಘೋಷಣೆಯಾಗಿತ್ತು. ಆಗ ಪಿಂಚಣಿ ಹಂಚುತ್ತಿದ್ದ ಸ್ವಯಂಸೇವಕರನ್ನು ದೂರ ಇಡಬೇಕೆಂದು ಮಾರ್ಚ್ ಕೊನೆಗೆ ಚುನಾವಣಾ ಆಯೋಗ ಹೇಳಿತು. ಏಪ್ರಿಲ್‌ನಲ್ಲಿ ಹಾಸಿಗೆ ಹಿಡಿದವರನ್ನು ಬಿಟ್ಟು ಉಳಿದವರು ಸಚಿವಾಲಯಗಳ ಮುಂದೆ, ಮೇ ತಿಂಗಳಲ್ಲಿ ಬಹಳಷ್ಟು ಜನ ಬ್ಯಾಂಕುಗಳ ಮುಂದೆ ನಿಲ್ಲಬೇಕಾಯಿತು. ರಾಯಲಸೀಮೆಯ ಬಿಸಿಲು. ಸಾವುಗಳ ಸುದ್ದಿ ಬಂತು, ಆ ಸಾವು ಯಾರ ತಲೆಗೆ ಎಂದು ಪಕ್ಷಗಳು ಕಿತ್ತಾಡಿದವು. ಆ ಎರಡು ತಿಂಗಳು ಸುಗ್ಗಿಯಿಂದ ಬಂದ ಮಗ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮೊದಲು ಸಚಿವಾಲಯಕ್ಕೆ, ಆಮೇಲೆ ಬ್ಯಾಂಕಿಗೆ ಹೋದ. ಹೊರಗೆ ಕಾದ, ದುಡ್ಡು ಅವನ ಜೇಬಿಗೆ ಹೋಯಿತು. ಬಾಗಿಲಲ್ಲಿ ಎಣಿಸಿ ಅವ್ವನ ಕೈಗೇ ಕೊಡುತ್ತಿದ್ದಾಗ ಅದು ಅವಳದಾಗಿತ್ತು. ಸೆರಗಿನ ಗಂಟಿನಿಂದ ತೆಗೆದು ಮೊಮ್ಮಗನಿಗೆ ಹತ್ತು ರೂಪಾಯಿ ಕೊಡುವ ಅವ್ವ ಬೇರೆ, ಮಗನ ಹತ್ತಿರ ಮಾತ್ರೆಗೆ ದುಡ್ಡು ಕೇಳುವ ಅವ್ವ ಬೇರೆ. ಪಿಂಚಣಿ ಕೊಟ್ಟು ಮಕ್ಕಳ ಜವಾಬ್ದಾರಿ ತಪ್ಪಿಸಿದರು ಎಂದು ಗೊಣಗುವವರಿಗೆ ನಾನು ಈ ಗಂಟನ್ನು ತೋರಿಸುತ್ತೇನೆ. ಅದಿಲ್ಲದ ಕಾಲದಲ್ಲಿ ಮಕ್ಕಳ ಜವಾಬ್ದಾರಿ ಹೇಗೆ ನಡೆಯುತ್ತಿತ್ತೆಂದು ಆ ಕಟ್ಟೆಯ ಯಾವ ಮುದುಕಿಯಾದರೂ ಹೇಳುತ್ತಾಳೆ.

ಆದರೆ ಸರ್ಕಾರದ ದುಡ್ಡು ಬರುವಾಗ ಅದರ ಜೊತೆ ನಿಯಮವೂ ಮನೆಯೊಳಗೆ ಬರುತ್ತದೆ. ಒಂದು ಮನೆಗೆ ಒಂದೇ ವೃದ್ಧಾಪ್ಯ ಪಿಂಚಣಿ. ಹಾಗಾಗಿ ಅಪ್ಪ ಬದುಕಿದ್ದಷ್ಟು ದಿನ ಅವನಿಗೆ ಬಂತು, ಅವನಷ್ಟೇ ದುಡಿದ ಅವ್ವನಿಗೆ ಇಲ್ಲ. ಅವಳದು ಶುರುವಾದದ್ದು ಅವನು ಹೋದ ಮೇಲೆ. ಇನ್ನೊಂದು: ಒಂದೇ ರೇಷನ್ ಕಾರ್ಡಿನಲ್ಲಿರುವ ಯಾರಾದರೂ ಟ್ಯಾಕ್ಸಿ, ಆಟೋ, ಟ್ರ್ಯಾಕ್ಟರ್ ಬಿಟ್ಟು ಬೇರೆ ನಾಲ್ಕು ಚಕ್ರದ ಗಾಡಿ ಕೊಂಡರೆ, ಕರೆಂಟು ತಿಂಗಳಿಗೆ 300 ಯೂನಿಟ್ ದಾಟಿದರೆ, ಒಬ್ಬರಿಗೆ ಸರ್ಕಾರಿ ನೌಕರಿ ಸಿಕ್ಕರೆ ಆ ಕಾರ್ಡಿನ ಪಿಂಚಣಿಗೆ ಕುತ್ತು. ಬೆಂಗಳೂರಿನಲ್ಲಿ ನಾಲ್ಕು ಕಾಸು ಕಂಡ ಚಿಕ್ಕ ಮಗ ಹಳೆಯ ಕಾರೊಂದರ ಮೇಲೆ ಕಣ್ಣಿಟ್ಟಿದ್ದ.

"ಯವ್ವಾ, ನಿನ್ ಹೆಸ್ರು ಬ್ಯಾರೆ ಕಾರ್ಡಿಗೆ ಹಾಕಿಸ್ತೀವಿ. ಕಾಗದದಾಗ ಅಷ್ಟ. ಉಣ್ಣೋದು ತಿನ್ನೋದು ಎಲ್ಲಾ ಕೂಡೇ."

"ನಂಗೇನ್ ತಿಳಿತೈತೆಪ್ಪ. ಹಾಕಿಸ್ರಿ."

ಕಾಗದ ಮೊದಲು ಒಡೆಯಿತು, ಒಲೆ ಆಮೇಲೆ. ಬೇರೆ ಕಾರ್ಡಿಗೆ ಬೇರೆ ಅಕ್ಕಿ ಬಂದ ಮೇಲೆ ಆ ಅಕ್ಕಿಯನ್ನು ಬೇರೆ ಡಬ್ಬಿಯಲ್ಲಿಟ್ಟರು. ಡಬ್ಬಿ ಬೇರೆಯಾದ ಮೇಲೆ ಅವ್ವ ತನ್ನ ಪಾಡಿಗೆ ಬೇಯಿಸಿಕೊಂಡರೆ ಸೊಸೆಗೂ ಹಗುರ, ಅವ್ವನಿಗೂ ಬಾಯಿರುಚಿ. ಇದರಲ್ಲಿ ಯಾರೂ ಯಾರನ್ನೂ ಹೊರಹಾಕಲಿಲ್ಲ. ಒಂದು ದಿನ ನೋಡಿದಾಗ ಅವ್ವ ಒಂದು ಕುಟುಂಬ, ಮಕ್ಕಳದು ಎರಡು ಕುಟುಂಬ.

ಗಡಿಯ ಈಚೆಗೆ ಬಂದರೆ ನಿಯಮ ಬೇರೆ, ಕಿತಾಪತಿ ಅದೇ. ಸಿರುಗುಪ್ಪದಲ್ಲಿರುವ ಬೀಗಿತಿಗೂ ಅವ್ವನದೇ ವಯಸ್ಸು. ಅವಳಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂಪಾಯಿ. ನಾಲ್ಕು ಸಾವಿರ ಎಲ್ಲಿ, ಹನ್ನೆರಡು ನೂರು ಎಲ್ಲಿ ಎಂದು ಇಬ್ಬರೂ ಸೇರಿದಾಗ ಅವ್ವನ ತಲೆ ಒಂದಿಂಚು ಮೇಲಿರುತ್ತಿತ್ತು. 2023ರ ಆಗಸ್ಟ್ ಕೊನೆಗೆ ಕರ್ನಾಟಕದಲ್ಲಿ ಗೃಹಲಕ್ಷ್ಮಿಯ 2,000 ಶುರುವಾಗಿತ್ತು, ಮನೆಯ ಯಜಮಾನಿಗೆ. ಯಜಮಾನಿ ಅತ್ತೆಯೋ ಸೊಸೆಯೋ ಎಂದು ನಾಡಿನ ತುಂಬ ಚರ್ಚೆಯಾಯಿತು, ಅತ್ತೆಯೇ ಎಂದು ಮಂತ್ರಿಗಳು ಹೇಳಿದರು. ಸಿರುಗುಪ್ಪದ ಮನೆಯಲ್ಲಿ ಅತ್ತೆಗೆ ಬಂತು. ಅತ್ತೆಗೆ ಬಂದದ್ದರಿಂದ ಸೊಸೆಗೆ, ಅಂದರೆ ನಮ್ಮ ಅವ್ವನ ಮಗಳಿಗೆ, ಬರಲಿಲ್ಲ. ಈ ಮಗಳನ್ನು ನೆನಪಿಟ್ಟುಕೊಳ್ಳಿ.

ಇಲ್ಲಿಯವರೆಗೆ ಪ್ರಕರಣದಲ್ಲಿ ಅಪರಾಧವೆಂಬುದೇ ಇಲ್ಲ. ಅವ್ವನ ಕಾಲು ಗಟ್ಟಿಯಿರುವವರೆಗೆ ಲೆಕ್ಕ ಕೂಡುತ್ತಿತ್ತು. ಮಾಘದ ಒಂದು ನಸುಕಿನಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರಿದಳು.

ಮೊಮ್ಮಗಳು ಕೂಗಿಕೊಂಡಳು. ಪಕ್ಕದ ಮನೆಯ ಇನ್ನೊಬ್ಬ ಮುದುಕಿ ಬಂದಳು, ಆದರೆ ಎತ್ತಲು ಕೈಯಲ್ಲಿ ಬಲವಿರಬೇಕಲ್ಲ. ಊರಿನಲ್ಲಿ ಗಂಡಸೆಂದರೆ ಕಿರಾಣಿ ಅಂಗಡಿಯವನು, ಪೂಜಾರಿ, ಒಬ್ಬ ಮೇಷ್ಟ್ರು. ಬಾಗಿಲಿನ ಹಲಗೆಯ ಮೇಲೆ ಮಲಗಿಸಿ 108ರ ಗಾಡಿಗೆ ಹಾಕಿದರು. ಆದೋನಿಯಲ್ಲಿ ಎಕ್ಸ್‌ರೇ, ತೊಡೆ ಎಲುಬು ಸೊಂಟದ ಹತ್ತಿರ ಮುರಿದಿದೆ ಎಂದರು. ಕರ್ನೂಲಿಗೆ ಕಳಿಸಿದರು. ಆಪರೇಷನ್ನಿಗೆ ದುಡ್ಡು ಬೀಳಲಿಲ್ಲ; 2007ರಲ್ಲಿ ಆರೋಗ್ಯಶ್ರೀ ಎಂದು ಶುರುವಾಗಿ ಈಗ ಎನ್‌ಟಿಆರ್ ವೈದ್ಯಸೇವೆ ಎಂಬ ಹೆಸರಿನ ಯೋಜನೆಯಲ್ಲಿ ಆಯಿತು. ದೊಡ್ಡ ಮಗ ಗುಂಟೂರು ಕಡೆಯ ಹೊಲದಿಂದ ಬಂದು ಮೂರು ದಿನ ಆಸ್ಪತ್ರೆಯಲ್ಲಿ ಇದ್ದ. ಮೇಸ್ತ್ರಿಯ ಮುಂಗಡ ತೀರಿರಲಿಲ್ಲ, ನಾಲ್ಕನೆಯ ದಿನ ಹೋದ. ಚಿಕ್ಕವನು ಫೋನಿನಲ್ಲಿ ದುಡ್ಡು ಹಾಕಿದ, ಅತ್ತ. ಮಗಳು ಬಂದಳು. ಡಿಸ್ಚಾರ್ಜ್ ಆದ ದಿನ ನರ್ಸಮ್ಮ ಹೇಳಿದ್ದು ಇಷ್ಟು: ಒಬ್ಬರು ಯಾವಾಗಲೂ ಹತ್ತಿರ ಇರಬೇಕು, ಮಗ್ಗುಲು ಬದಲಿಸುತ್ತಿರಬೇಕು, ಬೆನ್ನು ಹುಣ್ಣಾಗಬಾರದು.

ತುಂಬಿದ ಮೈಯ ಹೆಂಗಸನ್ನು ಅಂಗಾತದಿಂದ ಮಗ್ಗುಲಿಗೆ ತಿರುಗಿಸುವುದು ಹೇಗೆಂದು ತೋರಿಸುವವರು ಯಾರೂ ಇರಲಿಲ್ಲ. ಮಗಳು ತಾನೇ ಕಲಿತಳು. ಮೊದಲು ಮೊಣಕಾಲು ಮಡಿಸಬೇಕು, ಆ ಕಾಲಲ್ಲ, ಈ ಕಾಲು. ಸೊಂಟದ ಕೆಳಗೆ ಮಡಿಸಿದ ಸೀರೆ ಹಾಸಿ ಸೀರೆಯನ್ನು ಎಳೆಯಬೇಕು, ಅವ್ವನನ್ನಲ್ಲ. ಮಲಮೂತ್ರದ ಪಾತ್ರೆ ಇಡುವಾಗ ಇನ್ನೊಬ್ಬರಿದ್ದರೆ ಒಳ್ಳೆಯದು. ಇಲ್ಲದಿದ್ದರೆ ದಿಂಬು. ಇದು ದಿನಕ್ಕೆ ಎಷ್ಟು ಸಲ, ರಾತ್ರಿಗೆ ಎಷ್ಟು ಸಲ ಎಂದು ಮಾಡಿದವರಿಗೆ ಗೊತ್ತು. ಅವ್ವನನ್ನು ಸಿರುಗುಪ್ಪಕ್ಕೆ ಕರೆದೊಯ್ದಳು, ಅಲ್ಲಿ ಅವಳ ಅತ್ತೆ ಮಂಚದ ಮೇಲೆ, ಅವ್ವ ಚಾಪೆಯ ಮೇಲೆ. ಇಬ್ಬರು ಮುದುಕಿಯರಿಗೆ ಒಂದು ಜೋಡಿ ಕೈ.

ಈ ಕಡೆ ಅವ್ವನ ಹತ್ತಿರ ಇದ್ದ ಮೊಮ್ಮಕ್ಕಳು? ವಲಸೆ ಹೋದವರ ಮಕ್ಕಳಿಗೆಂದೇ ಸರ್ಕಾರ ನಡೆಸುವ ಋತುಮಾನದ ಹಾಸ್ಟೆಲುಗಳಿವೆ. ಹುಡುಗನನ್ನು ಅಲ್ಲಿಗೆ ಸೇರಿಸಿದರು. ಹುಡುಗಿ ಎಂಟನೆಯ ತರಗತಿ ಬಿಟ್ಟು ಮೆಣಸಿನಕಾಯಿಗೆ ಹೋದಳು. ಅಜ್ಜಿ ಬಿದ್ದದ್ದಕ್ಕೆ ಮೊದಲು ಬೆಲೆ ತೆತ್ತವಳು ಅವಳೇ. ಕಟ್ಟೆಯವರ ತೀರ್ಪಿನಲ್ಲಿ ಇದಕ್ಕೆ ಜಾಗವಿಲ್ಲ.

ಪಿಂಚಣಿಯ ಪ್ರಶ್ನೆ ಬಂತು. ಬಾಗಿಲಿಗೆ ಬರುವ ದುಡ್ಡು ಸಿರುಗುಪ್ಪದ ಬಾಗಿಲಿಗೆ ಬರುವುದಿಲ್ಲ. ಒಂದೆರಡು ತಿಂಗಳು ತಪ್ಪಿದರೆ ಬಾಕಿ ಕೂಡಿಸಿ ಕೊಡುವ ಅನುಕೂಲ 2024ರ ಕೊನೆಗೆ ಬಂದಿದೆ. ಸತತ ಮೂರು ತಿಂಗಳು ಸಿಗದಿದ್ದರೆ ಊರು ಬಿಟ್ಟವರೆಂದು ನಿಲ್ಲುತ್ತದೆ. ಆದ್ದರಿಂದ ಮೂರನೆಯ ತಿಂಗಳು ಮಗಳು ಆಟೋ ಮಾಡಿ, ಹಿಂದಿನ ಸೀಟಿನಲ್ಲಿ ಅವ್ವನನ್ನು ಮಲಗಿಸಿ, ರಾಜ್ಯ ದಾಟಿ ಬಂದು ಬೀಗ ತೆಗೆದು ಒಂದನೇ ತಾರೀಖು ಕಾದಳು. ಎರಡೂ ರಾಜ್ಯಗಳು ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿವೆ, ಕರ್ನಾಟಕ 2023ರ ಜೂನ್‌ನಲ್ಲಿ, ಆಂಧ್ರ 2025ರ ಆಗಸ್ಟ್‌ನಲ್ಲಿ. ಮಲಗಿದವರನ್ನು ಬಸ್ಸಿನಲ್ಲಿ ತರುವುದು ಹೇಗೆಂದು ಎರಡೂ ಹೇಳಿಲ್ಲ.

ಈಗ ತೀರ್ಪಿಗೆ ಬರೋಣ. ಕಾನೂನು ಏನೆನ್ನುತ್ತದೆ? ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲಿ ಬಂತು. ಮಕ್ಕಳು ನೋಡಿಕೊಳ್ಳದಿದ್ದರೆ ಕಂದಾಯ ವಿಭಾಗದ ಅಧಿಕಾರಿಯ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು; ಈ ಸೀಮೆಯವರಿಗೆ ಅದು ಆದೋನಿ. ತಿಂಗಳಿಗೆ 10,000ದವರೆಗೆ ಕೊಡಿಸಬಹುದು. ಹಿರಿಯರನ್ನು ತೊರೆದವರಿಗೆ ಮೂರು ತಿಂಗಳ ಸಜೆಯೂ ಉಂಟು. ಸಿಂಗಾಪುರ 1995ರಲ್ಲೇ ಇಂಥದೊಂದು ಕಾನೂನು ಮಾಡಿತ್ತು. ಚೀನಾ ಇನ್ನೂ ಮುಂದೆ ಹೋಗಿ, ದೂರದಲ್ಲಿರುವ ಮಕ್ಕಳು ಆಗಾಗ ಬಂದು ನೋಡಬೇಕೆಂದು 2013ರಿಂದ ಕಾನೂನಿನಲ್ಲೇ ಬರೆದಿದೆ. ಗುಂಟೂರಿನ ಹೊಲದಲ್ಲಿರುವ ಮಗನನ್ನು ಆದೋನಿಗೆ ಕರೆಸಿ ನಿಲ್ಲಿಸಿದರೆ ಅವನ ನಾಲ್ಕು ದಿನದ ಕೂಲಿ ಹೋಗುತ್ತದೆ, ಅವ್ವನ ಮಗ್ಗುಲು ತಿರುಗುವುದಿಲ್ಲ. ಅವ್ವ ಅರ್ಜಿಯನ್ನೂ ಹಾಕುವುದಿಲ್ಲ. "ಮಗನ ಮ್ಯಾಲ ಕೇಸ್ ಹಾಕಿ, ನಾಳೆ ಯಾರ ಕೈಲೆ ಬಾಯಿಗೆ ನೀರು ಬಿಡಿಸ್ಕೊಳ್ಲಿ?"

ನಮ್ಮ 2007ರ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ರೊಟ್ಟಿ ಬಡಿದು ಹಾಕುವ ಸೊಸೆ ಅದರಲ್ಲಿಲ್ಲ. ಸೊಸೆ, ಅಳಿಯಂದಿರನ್ನು ಸೇರಿಸಿ 10,000ದ ಮಿತಿ ತೆಗೆಯಬೇಕೆಂಬ ತಿದ್ದುಪಡಿ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದು ಮಸೂದೆಯಾಗಿಯೇ ಉಳಿಯಿತು. ಬಂದಿದ್ದರೂ ಏನಾಗುತ್ತಿತ್ತು? ಇರುವ ಕೈಗಳ ಮೇಲೆ ಇನ್ನಷ್ಟು ಕರ್ತವ್ಯ ಹೊರಿಸಬಹುದು, ಕೈಗಳು ಹೆಚ್ಚುವುದಿಲ್ಲ.

ಕೈ ಕಡಿಮೆಯಾಗುತ್ತಿರುವುದು ಆಳುವವರಿಗೂ ಗೊತ್ತಾಗಿದೆ. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ದೇಶದಲ್ಲಿ ಹತ್ತು ಕೋಟಿಗಿಂತ ತುಸು ಹೆಚ್ಚು, ಅವರಲ್ಲಿ ಏಳು ಕೋಟಿಗೂ ಮಿಕ್ಕಿ ಹಳ್ಳಿಗಳಲ್ಲಿ. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗುತ್ತಾರೆಂದು ವಿಶ್ವಸಂಸ್ಥೆಯ ಅಂದಾಜು. ಆಂಧ್ರದಲ್ಲೂ ಕರ್ನಾಟಕದಲ್ಲೂ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು ಎಂದು 2019–21ರ ಸಮೀಕ್ಷೆ ಹೇಳಿತು. 2024ರಲ್ಲಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹೆಚ್ಚು ಮಕ್ಕಳನ್ನು ಹೆರಿ ಎಂದರು. ಇಬ್ಬರಿಗಿಂತ ಹೆಚ್ಚು ಮಕ್ಕಳಿದ್ದವರು ಪಂಚಾಯಿತಿ ಚುನಾವಣೆಗೆ ನಿಲ್ಲಬಾರದೆಂದು ತೊಂಬತ್ತರ ದಶಕದಲ್ಲಿ ಮಾಡಿದ್ದ ನಿಯಮವನ್ನು ಅದೇ ವರ್ಷ ವಿಧಾನಸಭೆ ತೆಗೆದುಹಾಕಿತು. ನಮ್ಮ ಅವ್ವ ಐದು ಹೆತ್ತಿದ್ದಾಳೆ. ಬಚ್ಚಲಲ್ಲಿ ಬಿದ್ದಾಗ ಮನೆಯಲ್ಲಿದ್ದದ್ದು ಹದಿಮೂರರ ಮೊಮ್ಮಗಳು. ಮಳೆ ಇಲ್ಲದ ನೆಲದಲ್ಲಿ ಹುಟ್ಟಿದ ಮಕ್ಕಳು ಎಷ್ಟಿದ್ದರೂ ಗುಂಟೂರಿಗೇ ಹೋಗುತ್ತಾರೆ.

ಜಪಾನಿನವರು ಈ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು. ಅಲ್ಲೂ ಮುದುಕರನ್ನು ನೋಡಿಕೊಳ್ಳುತ್ತಿದ್ದದ್ದು ಸೊಸೆಯೇ. 2000ದಲ್ಲಿ ಆರೈಕೆ ವಿಮೆ ತಂದರು: ನಲವತ್ತು ದಾಟಿದವರೆಲ್ಲ ಕಂತು ಕಟ್ಟಬೇಕು, ಎದ್ದೇಳಲಾಗದವರಿಗೆ ಎಷ್ಟು ನೆರವು ಬೇಕೆಂದು ನೋಡಿ, ಸ್ನಾನ ಮಾಡಿಸುವ, ಮಗ್ಗುಲು ತಿರುಗಿಸುವ ಕೈಗಳನ್ನು ಮನೆಗೆ ಕಳಿಸುತ್ತಾರೆ. ಐದು ವರ್ಷ ಮೊದಲು ಇಂಥದೇ ವಿಮೆ ತಂದ ಜರ್ಮನಿ ನಗದು ಬೇಕೋ ನೆರವು ಬೇಕೋ ಎಂದು ಕುಟುಂಬಕ್ಕೇ ಆಯ್ಕೆ ಕೊಟ್ಟಿತು. ಜಪಾನಿನ ಮಹಿಳಾ ಸಂಘಟನೆಗಳು ನಗದು ಬೇಡವೆಂದು ಹಟ ಹಿಡಿದವು. ದುಡ್ಡು ಕೊಟ್ಟರೆ ಅದು ಮನೆಯ ಖರ್ಚಿಗೆ ಹೋಗಿ, ಸೊಸೆ ಮತ್ತೆ ಅದೇ ಚಾಪೆಯ ಪಕ್ಕ ಕೂರುತ್ತಾಳೆ ಎಂಬುದು ಅವರ ವಾದ. ಸಿರುಗುಪ್ಪದ ಮಗಳ ಕೈಗೆ ನಾಲ್ಕು ಸಾವಿರ ಕೊಟ್ಟು ನೋಡಿದರೆ ಅವರ ಮಾತು ಸುಳ್ಳೆನಿಸುವುದಿಲ್ಲ. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದವರಿಗೆ ಆಂಧ್ರ 2024ರ ಜುಲೈಯಿಂದ 15,000 ಕೊಡುತ್ತಿದೆ. ದೊಡ್ಡ ಮೊತ್ತ, ಶ್ಲಾಘಿಸಬೇಕು. ಅದೂ ನಗದೇ.

ಜಪಾನ್ ಶ್ರೀಮಂತ ದೇಶ, ನಮಗೆಲ್ಲಿ ಸಾಧ್ಯ ಎನ್ನುವವರು ಕೇರಳ ನೋಡಬಹುದು. 1993ರಲ್ಲಿ ಕೋಳಿಕೋಡಿನಲ್ಲಿ ಕ್ಯಾನ್ಸರ್ ನೋವಿಗೆಂದು ಶುರುವಾದ ಸಣ್ಣ ಕೆಲಸ, ಊರಿನವರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗುವ ಚಳವಳಿಯಾಯಿತು. 2008ರಲ್ಲಿ ಸರ್ಕಾರ ನೀತಿ ಮಾಡಿತು. ಪಂಚಾಯಿತಿಯೇ ನರ್ಸನ್ನು ಮನೆಮನೆಗೆ ಕಳಿಸುತ್ತದೆ. ಆಂಧ್ರಕ್ಕೆ ಇದು ಕೈಗೆಟುಕದ ಮಾತಲ್ಲ. 2019ರ ಸ್ವಾತಂತ್ರ್ಯ ದಿನದಂದು ಅಲ್ಲಿ ಐವತ್ತು ಮನೆಗೊಬ್ಬರಂತೆ ಎರಡು ಲಕ್ಷಕ್ಕೂ ಮೀರಿ ಸ್ವಯಂಸೇವಕರನ್ನು ನೇಮಿಸಿದರು. ಪ್ರತಿ ಮುದುಕಿಯ ಮುಖ, ಮನೆ, ಯಾವ ಬೆರಳು ಯಂತ್ರಕ್ಕೆ ಸರಿಯಾಗಿ ಸಿಗುತ್ತದೆ ಎಂಬುದು ಸಹ ಅವರಿಗೆ ಗೊತ್ತಿತ್ತು. ಒಂದು ಪಕ್ಷ ಅವರನ್ನು ತನ್ನವರೆಂದಿತು, ಇನ್ನೊಂದು ಅನುಮಾನಿಸಿತು, 2024ರ ನಂತರ ವ್ಯವಸ್ಥೆಯೇ ಮುಗಿಯಿತು. ದುಡ್ಡು ಎಣಿಸುವುದರ ಜೊತೆ ಮಗ್ಗುಲು ತಿರುಗಿಸುವುದನ್ನೂ ಅವರಿಗೆ ಕಲಿಸಬೇಕೆಂದು ಎರಡೂ ಪಕ್ಷಕ್ಕೆ ಹೊಳೆಯಲಿಲ್ಲ.

ಇಷ್ಟು ಹೇಳಿ ಮಕ್ಕಳನ್ನು ಬಿಟ್ಟುಬಿಡುತ್ತೇನೆಂದು ತಿಳಿಯಬೇಡಿ. ಸುಗ್ಗಿಗೆ ಹೋದದ್ದು ತಪ್ಪಲ್ಲ, ನಾಲ್ಕನೆಯ ದಿನ ಮರಳಿದ್ದೂ ತಪ್ಪಲ್ಲ. ತಪ್ಪು ಯುಗಾದಿಯ ನಂತರ ನಡೆದದ್ದು. ಇಬ್ಬರೂ ಊರಿಗೆ ಬಂದರು, ಸಿರುಗುಪ್ಪಕ್ಕೆ ಹೋಗಿ ಅವ್ವನನ್ನು ನೋಡಿದರು, ಹಣ್ಣು ಕೊಟ್ಟರು, ಹೊರಡುವಾಗ ಮಾತು ತೆಗೆದರು. ಬೆಳೆಸಾಲಕ್ಕೆ ಬ್ಯಾಂಕಿನವರು ಹೊಲದ ಪಾಸ್‌ಬುಕ್ ಕೇಳುತ್ತಾರೆ, ರೈತರಿಗೆ ಬರುವ ದುಡ್ಡಿಗೂ ಪಾಸ್‌ಬುಕ್ಕೇ ಬೇಕು, ಅವ್ವ ಓಡಾಡುವ ಹಾಗಿಲ್ಲ, ಹೊಲವನ್ನು ತಮ್ಮಿಬ್ಬರ ಹೆಸರಿಗೆ ದಾನಪತ್ರ ಮಾಡಿಬಿಟ್ಟರೆ ಎಲ್ಲರಿಗೂ ಅನುಕೂಲ. ಕಾರಣಗಳು ಸುಳ್ಳಲ್ಲ. ಹೇಳದ ಕಾರಣ ಇನ್ನೊಂದಿದೆ. ಅವ್ವ ಏನನ್ನೂ ಬರೆಯದೆ ಹೋದರೆ, 1956ರ ಉತ್ತರಾಧಿಕಾರ ಕಾಯ್ದೆಯಂತೆ ಮೂವರಿಗೂ ಸಮ, ಒಬ್ಬೊಬ್ಬರಿಗೆ ಒಂದೊಂದು ಎಕರೆ. ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಪಾಲೆಂದು ದೇಶಕ್ಕಿಂತ ಇಪ್ಪತ್ತು ವರ್ಷ ಮೊದಲು, 1985ರಲ್ಲಿ, ಕಾನೂನು ಮಾಡಿದ ರಾಜ್ಯ ಆಂಧ್ರ. ದಾನಪತ್ರವಾದರೆ ಆ ಮಾತೇ ಏಳುವುದಿಲ್ಲ.

ಮಗಳು ಅಡುಗೆಮನೆಯಿಂದಲೇ ಹೇಳಿದಳು: "ಹೊಲ ಅಣ್ಣ-ತಮ್ಮಗ, ಹೇಲು-ಉಚ್ಚಿ ನನಗ."

ಇದಕ್ಕಿಂತ ಸ್ಪಷ್ಟವಾದ ದೋಷಾರೋಪಣೆಯನ್ನು ನಾನು ಬರೆಯಲಾರೆ. ಅವಳು ಕೇಳುತ್ತಿರುವುದು ಹೊಲವನ್ನಲ್ಲ ಎಂದು ಅವಳನ್ನು ತ್ಯಾಗಮಯಿ ಮಾಡುವುದೂ ಬೇಡ. ಅವಳಿಗೆ ಹೊಲ ಬೇಕು. ಒಂದೆಕರೆಯ ಗುತ್ತಿಗೆ ಬಂದರೆ ಅವ್ವನ ಹತ್ತಿರ ಕೂರಲು ಒಬ್ಬ ಹೆಂಗಸನ್ನು ಅರ್ಧ ದಿನಕ್ಕಾದರೂ ಇಟ್ಟುಕೊಳ್ಳಬಹುದು, ತಾನು ಕೂಲಿಗೆ ಹೋಗಬಹುದು. ಕಾನೂನು ಅವಳ ಮೇಲೆ ಮಗನಷ್ಟೇ ಕರ್ತವ್ಯ ಹೊರಿಸಿದೆ. ಹಕ್ಕನ್ನೂ ಅಷ್ಟೇ ಕೊಟ್ಟಿದೆ, ಒಂದು ಹೆಬ್ಬೆಟ್ಟಿನಿಂದ ಅಳಿಸಲು ಬರುವ ಹಾಗೆ.

ದಾನಪತ್ರ ಇನ್ನೂ ಆಗಿಲ್ಲ. ನನ್ನನ್ನು ಕೇಳಿದ್ದರೆ ಮಾಡಿಸಲೇಬೇಡಿ ಎನ್ನುತ್ತಿದ್ದೆ. ಮಾಡಿಸುವುದೇ ಆದರೆ, ಅವ್ವನ ಊಟ, ಔಷಧ, ಆರೈಕೆ ಪಡೆದವರ ಹೊಣೆ ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಕಾಯ್ದೆಯ 23ನೇ ಕಲಮಿನಂತೆ, ಆ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಬಹುದು. ಷರತ್ತಿಲ್ಲದಿದ್ದರೆ ಆ ಕಲಂ ನೆರವಿಗೆ ಬಾರದೆಂದು 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. 2025ರ ಜನವರಿಯಲ್ಲಿ, ಮಧ್ಯಪ್ರದೇಶದ ತಾಯಿಯೊಬ್ಬಳ ಪ್ರಕರಣದಲ್ಲಿ, ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಕೋರ್ಟಿನ ಉದಾರತೆಯನ್ನು ನೆಚ್ಚುವುದಕ್ಕಿಂತ ನಾಲ್ಕು ಸಾಲು ಬರೆಸುವುದು ಅಗ್ಗ. ಮತ್ತು ಮೂರನೆಯ ಹೆಸರಾಗಿ ಮಗಳ ಹೆಸರು ಇರಲಿ, ಎಕರೆಯ ಚೆಕ್ಕುಬಂದಿ ಸಮೇತ.

ಇಷ್ಟನ್ನು ಯಾರೋ ಅವ್ವನ ಮುಂದೆ ಹೇಳಿದರು ಎಂದಿಟ್ಟುಕೊಳ್ಳಿ. ಅವ್ವ ಒಪ್ಪುವುದಿಲ್ಲ. "ಕೊಟ್ಟ ಹೆಣ್ಣಿಗೆ ಹೊಲ ಬರದ್ರ ಹುಡುಗ್ರು ನನ್ನ ಮಾರಿ ನೋಡ್ತಾರೇನು? ನಾಳೆ ಮಣ್ಣು ಕೊಡೋರು ಅವ್ರ. ಆಕಿ ಹೆಂಗೂ ಮಾಡ್ತಾಳ, ಮಗಳಲ್ಲೇನು." ಮಗಳು ಆಗ ಅವಳ ಮಗ್ಗುಲು ಬದಲಿಸುತ್ತಿರುತ್ತಾಳೆ, ಮಾತು ಕೇಳಿಸಿರುತ್ತದೆ. ಸಬ್ ರಿಜಿಸ್ಟ್ರಾರ್ ಕೇಳುವುದು ಒಂದೇ ಪ್ರಶ್ನೆ, ಸ್ವಂತ ಇಷ್ಟದಿಂದ ಬರೆದುಕೊಡುತ್ತಿದ್ದೀಯಾ ಎಂದು. ಅವ್ವ ಹೌದೆನ್ನುತ್ತಾಳೆ, ಮತ್ತು ಅದು ನಿಜವೂ ಹೌದು.